ಸಹಾಯ ಬೇಕು: ಎಎ ಮುಗಿಸಲಾ, ಎಎ-ಟಿಗೆ ಬದಲಾಯಿಸಲಾ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಪಿಯುಸಿ ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದವಳು. ಮಕ್ಕಳು ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ಕಮ್ಯುನಿಟಿ ಕಾಲೇಜು (ಎರಡು ವರ್ಷದ ಡಿಗ್ರಿ ಕೊಡುವ ಕಾಲೇಜು) ಸೇರಿದ್ದೇನೆ. ಮುಂದೆ ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿಯಲ್ಲಿ ಸೈಕಾಲಜಿ ಬಿಎ ಮಾಡುವ ಆಸೆ. ಸಂಸಾರ ಬಿಟ್ಟು ಬೇರೆ ಊರಿಗೆ ಹೋಗೋ ಹಾಗಿಲ್ಲ.

ಈಗ ಓದುತ್ತಿರುವುದು ಸೋಶಿಯಲ್ ಅಂಡ್ ಬಿಹೇವಿಯರಲ್ ಸೈನ್ಸಸ್ ಎಎ (ಅಸೋಸಿಯೇಟ್ ಇನ್ ಆರ್ಟ್ಸ್, ಎರಡು ವರ್ಷದ ಡಿಗ್ರಿ). ಸೈಕಾಲಜಿ, ಸೋಶಿಯಾಲಜಿ, ಆಂತ್ರಪಾಲಜಿ ಎಲ್ಲ ಸ್ವಲ್ಪ ಸ್ವಲ್ಪ. (ಆಂತ್ರಪಾಲಜಿ ಇಷ್ಟು ಹಿಡಿಸುತ್ತದೆ ಅಂದುಕೊಂಡಿರಲಿಲ್ಲ!) ಆದರೆ ಇದು ಎಎ-ಟಿ, ಅಂದರೆ ಯೂನಿವರ್ಸಿಟಿಗೆ ಹೋಗಿ ಬಿಎ ಮುಂದುವರಿಸಲೆಂದೇ ಇರುವ ಟ್ರಾನ್ಸ್‌ಫರ್ ಡಿಗ್ರಿ ಅಲ್ಲ. ಸೈಕಾಲಜಿ ಎಎ-ಟಿ ಮಾಡಿದರೆ ಕ್ಯಾಲ್ ಸ್ಟೇಟ್‌ನಲ್ಲಿ (ಸ್ಯಾನ್ ಹೋಸೆ ಸ್ಟೇಟ್ ಸೇರಿ ಹಲವು ಕ್ಯಾಂಪಸ್‌ಗಳಿರುವ ಸರ್ಕಾರಿ ಯೂನಿವರ್ಸಿಟಿ) ಎಲ್ಲಾದರೂ ಒಂದು ಕಡೆ ಸೀಟು ಗ್ಯಾರಂಟಿ. ಇಂಥದ್ದೇ ಕ್ಯಾಂಪಸ್ ಅಂತ ಮಾತ್ರ ಗ್ಯಾರಂಟಿ ಇಲ್ಲ. ನನಗೆ ಬೇಕಾಗಿರುವುದೇ ಒಂದು ಕ್ಯಾಂಪಸ್!

ಎಎ-ಟಿಗೆ ಸ್ಟ್ಯಾಟಿಸ್ಟಿಕ್ಸ್, ರಿಸರ್ಚ್ ಮೆಥಡ್ಸ್ ಎರಡೂ ಬೇಕು. ಮೊದಲನೆಯದು ಪಾಸಾಗದೆ ಎರಡನೆಯದಕ್ಕೆ ಸೇರಿಸಿಕೊಳ್ಳಲ್ಲ. ಅಲ್ಲಿಗೆ ಒಂದು ಸೆಮಿಸ್ಟರ್ ಜಾಸ್ತಿ. ಕೌನ್ಸೆಲರ್‌ಗಳನ್ನು ಕೇಳಿದೆ. ಒಬ್ಬರು "60 ಯೂನಿಟ್ (ಕ್ರೆಡಿಟ್) ಇದ್ದರೆ ಸಾಕು, ಅಪ್ಲೈ ಮಾಡಿ" ಅಂದರು. ಇನ್ನೊಬ್ಬರು "ಎಎ-ಟಿ ಬಿಟ್ಟು ಬೇರೆ ಯೋಚನೆ ಬೇಡ" ಅಂದರು. ಕಾಲೇಜಿನ ಯಾವ ಕೋರ್ಸು ಯೂನಿವರ್ಸಿಟಿಯ ಯಾವ ಕೋರ್ಸಿಗೆ ಸಮ ಅಂತ ತೋರಿಸುವ ಅಸಿಸ್ಟ್ ವೆಬ್‌ಸೈಟ್ ತೆಗೆದು ನೋಡಿದೆ. ಎಡಗಡೆ ಯೂನಿವರ್ಸಿಟಿ ಕೋರ್ಸು, ಬಲಗಡೆ ನಮ್ಮ ಕಾಲೇಜಿನ ಕೋರ್ಸು. ಯಾವುದಕ್ಕೆ ಯಾವುದು ಅಂತ ಗೊತ್ತಾಯಿತು, ಆದರೆ ಯಾವ ಡಿಗ್ರಿಗೆ ಅಡ್ಮಿಷನ್‌ನಲ್ಲಿ ಬೆಲೆ ಜಾಸ್ತಿ ಅಂತ ಅದರಲ್ಲಿ ಇಲ್ಲ.

ಎಎ-ಟಿ ಇಲ್ಲದೆ, ಬರೀ ಎಎ ಇಟ್ಟುಕೊಂಡು ಸ್ಯಾನ್ ಹೋಸೆ ಸ್ಟೇಟ್ ಸೈಕಾಲಜಿಗೆ ಹೋದವರು ಯಾರಾದರೂ ಇದ್ದೀರಾ? ಸೇರಿದ ಮೇಲೆ ಕೆಳಗಿನ ಹಂತದ (ಮೊದಲ ಎರಡು ವರ್ಷದ) ಕೋರ್ಸ್‌ಗಳನ್ನು ಮತ್ತೆ ಓದಿಸಿದರಾ? ಆ ಒಂದು ಸೆಮಿಸ್ಟರ್ ಹೆಚ್ಚಿಗೆ ಹಾಕಿ ಎಎ-ಟಿ ಮಾಡುವುದೇ ವಾಸಿನಾ?