ಅಪ್‌ಡೇಟ್: ರಾಕೆಟ್‌ಗೂ ಸ್ಪಾರ್ಕ್ ಪ್ಲಗ್ ಇರುತ್ತಾ?

ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಚಿತ್ರದುರ್ಗದ ನಮ್ಮ ಶಾಲೆಯ ಹುಡುಗಿಯೊಬ್ಬಳು ಕೇಳಿದ್ದನ್ನೇ ಇಲ್ಲಿ ಕೇಳಿದ್ದೆ: ದ್ರವ ಇಂಧನದ ರಾಕೆಟ್‌ಗೂ ಬೈಕಿನ ಹಾಗೆ ಸ್ಪಾರ್ಕ್ ಪ್ಲಗ್ ಬೇಕಾ? 2024ರಲ್ಲಿ ಚಳ್ಳಕೆರೆ ಹತ್ತಿರ ಇಳಿದ ಪುಷ್ಪಕ್ (ಇಸ್ರೋದ ರೆಕ್ಕೆಯಿರುವ ಪ್ರಾಯೋಗಿಕ ವಾಹನ) ಬಗ್ಗೆಯೂ ಕೇಳಿದ್ದಳು. ಅದು ಸುಲಭ. ಹೆಲಿಕಾಪ್ಟರ್‌ನಿಂದ ಬಿಟ್ಟಿದ್ದರು, ಎಂಜಿನ್ ಓಡಿಸದೆ ಸುಮ್ನೆ ತೇಲಿಕೊಂಡು ಬಂದು ಇಳಿಯಿತು.

ಇನ್ನು ರಾಕೆಟ್‌ಗೆ ಕಿಡಿ ಬೇಕೋ ಬೇಡವೋ ಅನ್ನೋದು ಎಂಜಿನ್ ಯಾವುದು ಅನ್ನೋದರ ಮೇಲೆ ನಿಂತಿದೆ. ಇಸ್ರೋದ ವಿಕಾಸ್ ಎಂಜಿನ್‌ಗೆ ಕಿಡಿಯೇ ಬೇಡ. ಅದರ ಇಂಧನಕ್ಕೆ ನೈಟ್ರೋಜನ್ ಟೆಟ್ರಾಕ್ಸೈಡ್ (ಉರಿಯಲು ಆಮ್ಲಜನಕ ಕೊಡುವ ದ್ರವ) ತಾಗಿದರೆ ಸಾಕು, ತಾನೇ ಹೊತ್ತಿಕೊಳ್ಳುತ್ತದೆ. ದ್ರವ ಹೈಡ್ರೋಜನ್, ದ್ರವ ಆಮ್ಲಜನಕ ಹಾಗಲ್ಲ, ಹೊತ್ತಿಸಲೇಬೇಕು. ಸ್ಪೇಸ್ ಶಟಲ್‌ನ ಮುಖ್ಯ ಎಂಜಿನ್‌ಗಳಲ್ಲಿ ಇದಕ್ಕೆ ವಿದ್ಯುತ್ ಕಿಡಿಯೇ ಇತ್ತು. ಆದರೆ ಕಿಡಿ ಇಡೀ ಎಂಜಿನ್ ಹೊತ್ತಿಸುವುದಿಲ್ಲ. ಪುಟ್ಟ ಕೋಣೆಯಲ್ಲಿ ಸ್ವಲ್ಪ ಇಂಧನಕ್ಕೆ ಬೆಂಕಿ ಹಚ್ಚುತ್ತದೆ, ಆ ಜ್ವಾಲೆ ದೊಡ್ಡದನ್ನು ಹೊತ್ತಿಸುತ್ತದೆ. ಇಲ್ಲಿ ತಡವಾಗಬಾರದು. ಗ್ಯಾಸ್ ಒಲೆ ತಿರುಗಿಸಿ ಲೈಟರ್ ಹುಡುಕಿದ ಹಾಗೆ, ಸೇರಿಕೊಂಡ ಇಂಧನ ಒಮ್ಮೆಲೇ ಉರಿದರೆ ಎಂಜಿನ್ನೇ ಒಡೆಯಬಹುದು.

ನನಗೆ ಜಾಸ್ತಿ ಇಷ್ಟವಾಗಿದ್ದು ರಷ್ಯಾದ ಸೋಯುಜ್ ರಾಕೆಟ್. ಅದರ ಎಂಜಿನ್ ನಳಿಕೆಗಳೊಳಗೆ ಮರದ ಚೌಕಟ್ಟು ಇಟ್ಟು, ಅದಕ್ಕೆ ಕಟ್ಟಿದ ಸಿಡಿಮದ್ದನ್ನು ಕರೆಂಟ್ ಕೊಟ್ಟು ಹೊತ್ತಿಸುತ್ತಾರೆ. ಹೌದು, ಮರವೇ! ಅದು ಒಂದೇ ಸಲಕ್ಕೆ ಸುಟ್ಟು ಹೋಗುತ್ತದೆ. ಆಕಾಶದಲ್ಲಿ ಮತ್ತೆ ಮತ್ತೆ ಹೊತ್ತಿಸಬೇಕಾದ ಎಂಜಿನ್‌ಗೆ ಕಿಡಿಯೇ ವಾಸಿ, ಅಲ್ವಾ?