ಬ್ಯಾಂಕು ಹರಾಜಿಗಿಡುವ ಜಾಗಕ್ಕೆ ಕಡಿಮೆ ಬೆಲೆ ಕಟ್ಟಿದರೆ ಏನು ಮಾಡಬಹುದು?

ಕೇಳಿದವರು, ಉಡುಪಿ: ಅಣ್ಣನ ವ್ಯಾಪಾರದ ಸಾಲಕ್ಕೆ ಅಡವಿಟ್ಟಿದ್ದ, ಸಂತೆಕಟ್ಟೆ ಸಮೀಪದ 22 ಸೆಂಟ್ಸ್ ಕನ್ವರ್ಷನ್ ಆದ (ಕೃಷಿಯೇತರ ಬಳಕೆಗೆ ಪರಿವರ್ತಿಸಿದ) ಜಾಗವನ್ನು ಬ್ಯಾಂಕು ಕಳೆದ ವಾರ ಸ್ವಾಧೀನಕ್ಕೆ ತೆಗೆದುಕೊಂಡಿದೆ. ಮೀಸಲು ಬೆಲೆ (ಹರಾಜಿನಲ್ಲಿ ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂಬ ಕನಿಷ್ಠ ಬೆಲೆ) 38.5 ಲಕ್ಷ ರೂಪಾಯಿ, ಅಂದರೆ ಸೆಂಟ್ಸಿಗೆ 1.75 ಲಕ್ಷವಂತೆ, ನೆರೆಯವರ ಜಾಗ 3 ಲಕ್ಷದಂತೆ ಹೋಗಿದೆ. ಹರಾಜು ಪ್ರಕಟಣೆ ಇನ್ನೂ ಬಂದಿಲ್ಲ. ಈ ಬೆಲೆಯನ್ನು ಪ್ರಶ್ನಿಸಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮಂಗಳೂರಿನಿಂದ: ಖಂಡಿತ ಪ್ರಶ್ನಿಸಬಹುದು. ಆದರೆ ‘ಬೆಲೆ ಕಡಿಮೆಯಾಯಿತು’ ಎಂದಷ್ಟೇ ಬರೆದ ಅರ್ಜಿಗೆ ಯಾರೂ ಬೆಲೆ ಕೊಡುವುದಿಲ್ಲ. ಬ್ಯಾಂಕಿಗಾಗಿ ಬೆಲೆ ಕಟ್ಟಿದ ವ್ಯಾಲ್ಯುಯರ್ (ಆಸ್ತಿಗೆ ಬೆಲೆ ಕಟ್ಟುವ ತಜ್ಞ) ವರದಿಯಲ್ಲಿ ತಪ್ಪಿರುವುದು ಎಲ್ಲಿ ಎಂಬುದನ್ನು ತೋರಿಸಬೇಕು. ಕುಳಾಯಿಯಲ್ಲಿರುವ ನಮ್ಮ ಮನೆ ಜಾಗಕ್ಕೂ ಇದೇ ಗತಿ ಬಂದಿತ್ತು. ಮೂರು ಬಾರಿ ಲಿಖಿತವಾಗಿ ಕೇಳಿದ ಮೇಲೆ ವ್ಯಾಲ್ಯುಯರ್ ವರದಿಯ ಪ್ರತಿ ಸಿಕ್ಕಿತು. ಆ ರಾತ್ರಿ ತಾಯಿ ಮತ್ತು ನಾನು ಅದರ ನಾಲ್ಕು ಫೋಟೋಗಳನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದೆವು. ನಾಲ್ಕೂ ಹಿತ್ತಲಿನ ಮುರಕಲ್ಲಿನ ಪಾಗಾರದ ಹೊರಗೆ ನಿಂತು ತೆಗೆದವು. ಆ ಬದಿಗಿರುವುದು ಸೈಕಲ್ ಮಾತ್ರ ಹೋಗುವ ಓಣಿ. ಡಾಮರು ರಸ್ತೆಗೆ ತೆರೆಯುವ ಮುಂದಿನ ಗೇಟಿನ ಕಡೆ ಅವರು ಬಂದೇ ಇರಲಿಲ್ಲ. ‘ವಾಹನ ಹೋಗುವ ದಾರಿ ಇಲ್ಲ’ ಎಂಬ ಒಂದು ಸಾಲು ಇಡೀ ಬೆಲೆಯನ್ನು ಇಳಿಸಿತ್ತು. ಸರ್ವೆ ನಕ್ಷೆ, ಇನ್ನೊಬ್ಬ ನೋಂದಾಯಿತ ವ್ಯಾಲ್ಯುಯರ್ ವರದಿ, ಅದೇ ವರ್ಷ ಪಕ್ಕದ ಎರಡು ಜಾಗಗಳು ಮಾರಾಟವಾದ ಕ್ರಯಪತ್ರಗಳ ಪ್ರತಿ ಇವುಗಳನ್ನು ಸೇರಿಸಿ, ಹರಾಜು ನಡೆಸುವ ಬ್ಯಾಂಕಿನ ಅಧಿಕೃತ ಅಧಿಕಾರಿಗೆ ಬರೆದೆವು. ಬ್ಯಾಂಕು ಎರಡನೇ ಬಾರಿ ಮೌಲ್ಯಮಾಪನ ಮಾಡಿಸಿತು, ಮೀಸಲು ಬೆಲೆಯೂ ಏರಿತು. ಮಾರಾಟಕ್ಕೆ ಮುನ್ನ ಅನುಮೋದಿತ ವ್ಯಾಲ್ಯುಯರಿಂದ ಬೆಲೆ ಕಟ್ಟಿಸಲೇಬೇಕೆಂದು 2002ರ ಸರ್ಫೇಸಿ (ಅಡವಿಟ್ಟ ಆಸ್ತಿಯನ್ನು ಮಾರಿ ಬ್ಯಾಂಕು ಸಾಲ ವಸೂಲು ಮಾಡುವ ಕಾಯ್ದೆ) ನಿಯಮಗಳ 8(5) ಹೇಳುತ್ತದೆ. ಪತ್ರದಲ್ಲಿ ಅದನ್ನು ಉಲ್ಲೇಖಿಸಿ. ನೆರೆಯವರ ಬಾಯಿಮಾತಿನ 3 ಲಕ್ಷವನ್ನು ನಂಬಬೇಡಿ, ಅವರ ಕ್ರಯಪತ್ರದಲ್ಲಿ ಎಷ್ಟು ಬರೆದಿದೆ ಎಂಬುದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಡಿ. ಗೈಡೆನ್ಸ್ ವ್ಯಾಲ್ಯೂ, ಅಂದರೆ ಸರಕಾರ ಗೊತ್ತುಪಡಿಸಿದ ದರ, ಮುದ್ರಾಂಕ ಶುಲ್ಕದ ಲೆಕ್ಕಕ್ಕಾಗಿ ಇರುವಂಥದ್ದು, ಅದೊಂದನ್ನೇ ಆಧಾರವಾಗಿ ಹಿಡಿದರೆ ವಾದ ದುರ್ಬಲವಾಗುತ್ತದೆ.

ನಿವೃತ್ತ ಬ್ಯಾಂಕ್ ಉದ್ಯೋಗಿ, ಕುಂದಾಪುರ: ಇಂಥ ವರದಿಗಳಲ್ಲಿ ಸಾಮಾನ್ಯವಾಗಿ ಮಾರುಕಟ್ಟೆ ಬೆಲೆ, ವಸೂಲಾಗಬಹುದಾದ ಬೆಲೆ, ತುರ್ತು ಮಾರಾಟದ ಬೆಲೆ ಎಂದು ಮೂರು ಮೊತ್ತಗಳಿರುತ್ತವೆ. ಮೀಸಲು ಬೆಲೆಯನ್ನು ಇವುಗಳಲ್ಲಿ ಯಾವುದರ ಮೇಲೆ ನಿರ್ಧರಿಸಿದ್ದಾರೆಂದು ಲಿಖಿತವಾಗಿಯೇ ಕೇಳಿ. ನಿಮ್ಮ ಕಡೆಯ ಲೆಕ್ಕವೂ ಶುದ್ಧವಾಗಿರಲಿ. ವರ್ಗ ಜಾಗಕ್ಕೆ (ಸ್ವಂತ ಹಕ್ಕಿನ ಜಾಗಕ್ಕೆ) ತಾಗಿದ, ಬಳಸುವ ಸವಲತ್ತು ಮಾತ್ರ ಇರುವ ಕುಮ್ಕಿಯಲ್ಲಿ ತಲೆಮಾರುಗಳಿಂದ ತೆಂಗು ಬೆಳೆದಿದ್ದರೂ ಅದು ಸರಕಾರಿ ಭೂಮಿ; ಅದನ್ನೂ ಸೇರಿಸಿ ಬೆಲೆ ಹೇಳಿದ ಕುಟುಂಬಗಳ ಆಕ್ಷೇಪ ಅಲ್ಲಿಗೇ ಬಿದ್ದುಹೋದದ್ದನ್ನು ನಾನು ಕಂಡಿದ್ದೇನೆ. ಬೆಲೆಯ ವಿಷಯದಲ್ಲಿ ಉದಾಸೀನ ಬೇಡ. ಹರಾಜಿನ ಹಣದಲ್ಲಿ ಸಾಲವೂ ಖರ್ಚೂ ತೀರಿ ಉಳಿದದ್ದು ನಿಮ್ಮ ಅಣ್ಣನಿಗೇ ಸಲ್ಲಬೇಕು, ಹಣ ಸಾಕಾಗದಿದ್ದರೆ ಬಾಕಿಗಾಗಿ ಬ್ಯಾಂಕು ಮತ್ತೆ ಬರುತ್ತದೆ.

ಮೂಲ್ಕಿಯಿಂದ: ನಾನು ಹೇಳಬೇಕಾದದ್ದು ದಿನಗಳ ಬಗ್ಗೆ. ಸರ್ಫೇಸಿ ಕಾಯ್ದೆಯ 2016ರ ತಿದ್ದುಪಡಿಯ ನಂತರ, ಪೂರ್ತಿ ಬಾಕಿ ಕಟ್ಟಿ ಜಾಗ ಬಿಡಿಸಿಕೊಳ್ಳುವ ಹಕ್ಕು ಹರಾಜು ಪ್ರಕಟಣೆಯ ದಿನಕ್ಕೇ ಮುಗಿಯುತ್ತದೆ; 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹಾಗೆಯೇ ಹೇಳಿದೆ. ನನ್ನ ಭಾವ ಹಣ ಹೊಂದಿಸಿಕೊಂಡು ಬ್ಯಾಂಕಿಗೆ ಹೋದದ್ದು ಪತ್ರಿಕೆಯಲ್ಲಿ ಪ್ರಕಟಣೆ ಬಂದ ಮೂರನೆಯ ದಿನ. ಬ್ಯಾಂಕಿನ ಕ್ರಮದ ವಿರುದ್ಧ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಲು 45 ದಿನಗಳಿವೆ, ಆದರೆ ನ್ಯಾಯಮಂಡಳಿ ಇರುವುದು ಬೆಂಗಳೂರಿನಲ್ಲಿ, ವಕೀಲರನ್ನು ಹುಡುಕುವುದರಲ್ಲೇ ಎರಡು ವಾರ ಕಳೆಯುತ್ತದೆ. ಮೀಸಲು ಬೆಲೆಗಿಂತ ಹೆಚ್ಚು ಕೊಡುವ ಖರೀದಿದಾರರು ನಿಮಗೆ ಗೊತ್ತಿದ್ದರೆ, ಅವರ ಒಪ್ಪಿಗೆ ಪತ್ರವನ್ನು ಈ ವಾರವೇ ಬ್ಯಾಂಕಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.