ಹೈಕೋರ್ಟ್ ಆದೇಶ ಕೊಟ್ಟರೂ ಕಚೇರಿಯವರು ಜಗ್ಗುತ್ತಿಲ್ಲ, ಕಂಟೆಂಪ್ಟ್ (ನ್ಯಾಯಾಂಗ ನಿಂದನೆ ಕೇಸು) ಹಾಕಿದವರು ಯಾರಾದರೂ ಇದ್ದೀರಾ?

ನಮ್ಮ ತಂದೆ ಅನುದಾನಿತ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ನಿವೃತ್ತಿಯಾದ ಮೇಲೆ ಬರಬೇಕಿದ್ದ ವೇತನ ಬಾಕಿ ಬರಲೇ ಇಲ್ಲ, ಹಾಗಾಗಿ ಕಚೇರಿಗೆ ನಿರ್ದೇಶನ ಕೊಡಿ ಅಂತ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದ್ದೆವು. "ಇವರ ಮನವಿಯನ್ನು ಪರಿಗಣಿಸಿ, ಆದೇಶದ ಪ್ರತಿ ತಲುಪಿದ ಮೂರು ತಿಂಗಳೊಳಗೆ ತೀರ್ಮಾನ ಮಾಡಿ" ಎಂದು ಧಾರವಾಡ ಪೀಠ ಆದೇಶ ಮಾಡಿತು. ಅದಾಗಿ ಎಂಟು ತಿಂಗಳು. ಕೇಸ್ ವರ್ಕರ್ ಕೇಳಿದರೆ "ಅಪೀಲು ಹೋಗ್ತೀವಿ, ಕಡತ ಕಾನೂನು ಕೋಶದಲ್ಲಿದೆ" ಅಂತಾರೆ. ನಮ್ಮ ಸೋದರಮಾವ "ಕಂಟೆಂಪ್ಟ್ ಹಾಕು, ಸಾಹೇಬ್ರು ಜೈಲಿಗೆ ಹೋಗ್ತಾರೆ" ಅಂತಿದ್ದಾರೆ. ನಿಜವಾಗಲೂ ಹಾಗಾಗುತ್ತಾ? ಹಾಕಿದವರು ಸ್ವಲ್ಪ ಹೇಳಿ. ಇಲ್ಲ, ಸುಮ್ನೆ ಫೇಸ್‌ಬುಕ್‌ನಲ್ಲಿ ಎಲ್ಲ ಬರೆದುಬಿಡಲಾ?

ಪಿಂಚಣಿ ಪಾರ್ಟಿ:
ನಾನು ಹಾಕಿದ್ದೇನೆ, ಅದೇ ಧಾರವಾಡದಲ್ಲಿ. ನಿಮ್ಮ ಮಾವನವರ ಮಾತು ಕೇಳೋಕೆ ಚೆನ್ನಾಗಿದೆ, ಆದರೆ ಜೈಲಿನ ಆಸೆ ಬಿಟ್ಟುಬಿಡಿ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ ಜಾಸ್ತಿ ಅಂದ್ರೆ ಆರು ತಿಂಗಳ ಸಾದಾ ಜೈಲು, ಇಲ್ಲವೇ 2000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮನಸಾರೆ ಕ್ಷಮೆ ಕೇಳಿದರೆ ಕೋರ್ಟು ಅದನ್ನೂ ಬಿಡಬಹುದು. ನಡೆಯುವುದು ಏನು ಅಂದ್ರೆ, ನೋಟಿಸ್ ಹೋಗುತ್ತೆ, ಸರ್ಕಾರಿ ವಕೀಲರು ಎದ್ದು ನಿಂತು ಟೈಮ್ ಕೇಳ್ತಾರೆ, ಇಷ್ಟು ದಿನ ಸಿಗದ ಕಡತ ಅದ್ಹೇಗೋ ಸಿಗುತ್ತೆ, ಮುಂದಿನ ದಿನಾಂಕಕ್ಕೆ "ಆದೇಶ ಪಾಲಿಸಿದ್ದೇವೆ" ಅಂತ ಅಫಿಡವಿಟ್ ಬರುತ್ತೆ, ಕೇಸು ಮುಗಿಯುತ್ತೆ. ನನ್ನದೂ ಹಾಗೇ ಮುಗಿಯಿತು. ನನಗೆ ಬೇಕಾಗಿದ್ದು ದುಡ್ಡು, ಸಾಹೇಬರ ಜೈಲಲ್ಲ.

ಅರ್ಜಿಯಲ್ಲಿ ಅಧಿಕಾರಿಯ ಹುದ್ದೆ ಬರೆದರೆ ಸಾಲದು, ಹೆಸರು ಬೇಕು. ನೀವು ದೂರುದಾರರು, ಅವರು ಆರೋಪಿ, ಹಾಗೇ ಬರೆಯುತ್ತಾರೆ. ಆ ಪದ ನೋಡಿದ ಕೂಡಲೇ ಕಚೇರಿಯಲ್ಲಿ ಎಲ್ಲರಿಗೂ ಎಚ್ಚರವಾಗುತ್ತೆ. ಯಾರು ಯಾವಾಗಿನಿಂದ ಆ ಸೀಟಿನಲ್ಲಿದ್ದಾರೆ ಅಂತ ಮೊದಲೇ ತಿಳಿದುಕೊಳ್ಳಿ. ನನ್ನ ಕೇಸಿನಲ್ಲಿ ನಡುವೆ ವರ್ಗಾವಣೆ ಆಗಿ, ಹೊಸಬರು "ನನಗೇನೂ ಗೊತ್ತಿಲ್ಲ" ಅಂದರು. ಅವರಿಗೂ ಆದೇಶದ ಪ್ರತಿ ಕೊಟ್ಟು ಸೀಲು ಹಾಕಿಸಿಕೊಳ್ಳಬೇಕಾಯಿತು.

ಕಡತ ಹೊತ್ತವನು:
ನಾನು ಟೇಬಲ್ಲಿನ ಆ ಕಡೆ ಕೂತಿದ್ದವನು, ಈಗ ನಿವೃತ್ತ. ಬೈಬೇಡಿ. ನಮ್ಮ ಕಚೇರಿಗೆ ಕೋರ್ಟ್ ಆದೇಶ ಬಂದರೆ ಮೊದಲ ಟಿಪ್ಪಣಿ "ಅಪೀಲು ಹಾಕಬಹುದೇ, ಅಭಿಪ್ರಾಯ ಕೋರಿದೆ" ಅಂತಲೇ ಶುರುವಾಗುತ್ತಿತ್ತು. ಅಭಿಪ್ರಾಯ ಬರುವವರೆಗೆ ಯಾರೂ ಕೈ ಹಾಕಲ್ಲ. ಆದರೆ "ಅಪೀಲು ಹೋಗ್ತೀವಿ" ಅನ್ನೋದು ಉತ್ತರವೇ ಅಲ್ಲ. ರಿಟ್ ಅಪೀಲಿಗೆ 30 ದಿನದ ಗಡುವು ಇದೆ. ತಡವಾದರೆ ಕಾರಣ ಹೇಳಿ ಕೇಳಬಹುದು, ಸರಿ. ಆದರೆ ಅಪೀಲು ಹಾಕಿದ ಮಾತ್ರಕ್ಕೆ ಆದೇಶ ನಿಲ್ಲಲ್ಲ, ತಡೆಯಾಜ್ಞೆ ಸಿಕ್ಕಿರಬೇಕು. ಮುಂದಿನ ಸಲ "ಸ್ಟೇ ಸಿಕ್ಕಿದೆಯಾ ಸಾರ್, ನಂಬರ್ ಕೊಡಿ" ಅಂತ ಕೇಳಿ ನೋಡಿ.

ಇನ್ನೊಂದು ಮಾತು, ಯಾರಿಗೂ ಇಷ್ಟ ಆಗಲ್ಲ. ನಿಮ್ಮ ಆದೇಶದಲ್ಲಿ "ಪರಿಗಣಿಸಿ" ಅಂತ ಇದೆ. "ಕೊಡಿ" ಅಂತ ಇಲ್ಲ. ನಾಳೆ ಅವರು "ಪರಿಗಣಿಸಲಾಗಿದೆ, ನಿಯಮದಲ್ಲಿ ಅವಕಾಶವಿಲ್ಲ" ಅಂತ ಒಂದು ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಟ್ಟರೆ ಆದೇಶ ಪಾಲಿಸಿದಂತೆಯೇ. ಕಂಟೆಂಪ್ಟ್ ಅಲ್ಲಿಗೇ ಮುಗಿಯಿತು. ಆ ಹಿಂಬರಹ ತಪ್ಪು ಅನಿಸಿದರೆ ಮತ್ತೆ ಹೊಸ ರಿಟ್ಟೇ. ಎಷ್ಟೋ ಜನ ಇಲ್ಲಿ ಬಂದು ಕುಸಿದು ಕೂರುತ್ತಾರೆ, ನಾನೇ ನೋಡಿದ್ದೇನೆ.

ಬಯಲುಸೀಮೆ:
ನಮ್ಮದು ಬೇರೆ ಕಥೆ. ಕೆಳಗಿನ ಸಿವಿಲ್ ಕೋರ್ಟಿನಲ್ಲಿ ಹೊಲದ ಬದುವಿಗೆ ತಡೆಯಾಜ್ಞೆ ಇತ್ತು. ಪಕ್ಕದವರು ರಾತ್ರೋರಾತ್ರಿ ಜೆಸಿಬಿ ತಂದು ಬದು ಕೆಡವಿದರು. ನಾವೂ ಕಂಟೆಂಪ್ಟ್ ಅಂತಲೇ ಕುಣಿದೆವು. ವಕೀಲರು ಅದೇ ಕೋರ್ಟಿನಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶ, 2ಎ ನಿಯಮದಡಿ ಅರ್ಜಿ ಹಾಕಿಸಿದರು. ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಜೈಲು, ಎರಡಕ್ಕೂ ಅದರಲ್ಲಿ ಅವಕಾಶ ಇದೆ. ಡಿಕ್ರಿಯೇ, ಅಂದ್ರೆ ಅಂತಿಮ ತೀರ್ಪೇ ಆಗಿದ್ದರೆ, ಅದನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ. ಅದನ್ನೆಲ್ಲ ಬಿಟ್ಟು ಹೈಕೋರ್ಟಿಗೆ ಓಡಿದರೆ "ಕೆಳಗೆ ದಾರಿ ಇದೆಯಲ್ಲಪ್ಪಾ" ಅಂತ ವಾಪಸ್ ಕಳಿಸ್ತಾರೆ. ಕೇಳಿದವರದು ರಿಟ್, ಹಾಗಾಗಿ ಅವರಿಗೆ ಇದು ಬೇಡ. ಬೇರೆ ಯಾರಾದರೂ ಓದುತ್ತಿದ್ದರೆ ಇರಲಿ ಅಂತ ಹೇಳಿದೆ.

ಕೋರ್ಟ್ ಬೀದಿ:
ಫೇಸ್‌ಬುಕ್ ವಿಷಯ ಯಾರೂ ಮುಟ್ಟಲಿಲ್ಲ. ಅಧಿಕಾರಿಯನ್ನು ಬೈದರೆ ಅದು ನ್ಯಾಯಾಂಗ ನಿಂದನೆ ಅಲ್ಲ, ಆದರೆ ಮಾನನಷ್ಟದ ಕೇಸು ನಿಮ್ಮ ಮೇಲೇ ಬೀಳಬಹುದು. ತೀರ್ಪನ್ನು ನ್ಯಾಯವಾಗಿ ಟೀಕಿಸಬಹುದು, ಕಾಯ್ದೆಯ 5ನೇ ಕಲಮಿನಲ್ಲೇ ಇದೆ. ನ್ಯಾಯಾಧೀಶರ ಮೇಲೆ ಕೆಸರೆರಚಿದರೆ ಮಾತ್ರ ಕ್ರಿಮಿನಲ್ ಕಂಟೆಂಪ್ಟ್, ಅದು ಬೇರೆಯದೇ ಜಾತಿ. ಕೇರಳದ ಮುಖ್ಯಮಂತ್ರಿಯಾಗಿದ್ದ ಇ.ಎಂ.ಎಸ್. ನಂಬೂದಿರಿಪಾಡ್ ಅವರಿಗೆ ಇಂಥ ಕೇಸಿನಲ್ಲಿ ಹಾಕಿದ್ದ 1000 ರೂಪಾಯಿ ದಂಡವನ್ನು 1970ರಲ್ಲಿ ಸುಪ್ರೀಂ ಕೋರ್ಟ್ 50ಕ್ಕೆ ಇಳಿಸಿತ್ತು. 2020ರಲ್ಲಿ ವಕೀಲ ಪ್ರಶಾಂತ್ ಭೂಷಣ್ ಅವರಿಗೆ ಬಿದ್ದಿದ್ದು ಒಂದು ರೂಪಾಯಿ. ಟಿವಿಯಲ್ಲಿ ಗದ್ದಲ ಆಗೋದು ಇಂಥದ್ದೇ. ನಿಮ್ಮದು ಸಿವಿಲ್ ಕಂಟೆಂಪ್ಟ್, ಬೇಕಂತಲೇ ಆದೇಶ ಮೀರಿದ್ದಾರೆ ಅಂತ ತೋರಿಸಬೇಕು. "ಬೇಕಂತಲೇ" ಅನ್ನೋದರ ಮೇಲೇ ಎಲ್ಲ ನಿಂತಿರೋದು.

ಸಾಹೇಬರನ್ನು ಕಟಕಟೆಯಲ್ಲಿ ನೋಡೋ ಆಸೆಯೂ ಬೇಡ. ಅಧಿಕಾರಿಗಳನ್ನು ಮಾತುಮಾತಿಗೆ ಖುದ್ದು ಕರೆಸಬಾರದು, ಕರೆಸಲೇಬೇಕಾದರೆ ಮೊದಲು ವಿಡಿಯೋ ಮೂಲಕ ಅಂತ 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಒಂದು ಅನುಮಾನ. ಆದೇಶದ ಪ್ರತಿಯನ್ನು ನಾವು ಕಚೇರಿಗೆ ಬಾಯಿಮಾತಲ್ಲಿ ತೋರಿಸಿದ್ದು ಅಷ್ಟೇ, ಬರೆದು ಕೊಟ್ಟಿಲ್ಲ. ಸರ್ಕಾರಿ ವಕೀಲರಿಗೆ ಗೊತ್ತಿತ್ತಲ್ಲ ಅಂದುಕೊಂಡಿದ್ದೆವು.

ಪಿಂಚಣಿ ಪಾರ್ಟಿ:
ಅಯ್ಯೋ, ಇದನ್ನು ಮೊದಲೇ ಹೇಳೋದಲ್ವಾ! ಹಾಗಾದರೆ ಎಂಟು ತಿಂಗಳ ಲೆಕ್ಕ ಬಿಡಿ. "ಪ್ರತಿ ತಲುಪಿದ ಮೂರು ತಿಂಗಳು" ಅಂದರೆ ಪ್ರತಿ ತಲುಪಿಲ್ಲ ಅಂತಲೇ ಅವರು ವಾದ ಮಾಡ್ತಾರೆ. ಸರ್ಟಿಫೈಡ್ ಕಾಪಿ ತೆಗೆದುಕೊಳ್ಳಿ. ಜೊತೆಗೆ ಒಂದು ಪುಟದ ಮನವಿ, ತಂದೆಯವರ ಹೆಸರು, ಶಾಲೆ, ಬಾಕಿಯ ಲೆಕ್ಕ, ರಿಟ್ ನಂಬರು. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ, ಇನ್‌ವರ್ಡ್ ನಂಬರು ಹಾಕಿಸಿಕೊಳ್ಳಿ. "ಸಾಹೇಬ್ರಿಲ್ಲ, ನಾಳೆ ಬನ್ನಿ" ಅಂದರೆ ವಾದ ಬೇಡ, ಹೊರಗೆ ಬಂದು ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ವಿವರ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಅಲ್ಲಿಂದ ಮೂರು ತಿಂಗಳು ಎಣಿಸಿ. ಆಗಲೂ ಮಾಡದಿದ್ದರೆ ವಕೀಲರಿಂದ ಒಂದು ನೋಟಿಸ್, ಆಮೇಲೆ ಕಂಟೆಂಪ್ಟ್.

ಕಡತ ಹೊತ್ತವನು:
ಮೂರು ತಿಂಗಳು ಮುಗಿದ ಮೇಲೆ ಮತ್ತೆ ಮತ್ತೆ ಅಲೆದು ಕಾಲ ಕಳೀಬೇಡಿ. ಕಾಯ್ದೆಯ 20ನೇ ಕಲಮಿನಲ್ಲಿ ಒಂದು ವರ್ಷದ ಮಿತಿ ಇದೆ, "ಮುಂದಿನ ವಾರ ಬನ್ನಿ" ಅನ್ನೋದರಲ್ಲೇ ಅದು ಕಳೆದುಹೋಗುತ್ತೆ. ಮತ್ತೆ, ಸೀಲು ಬಿದ್ದ ಆ ಹಾಳೆಯ ಜೆರಾಕ್ಸನ್ನು ವಕೀಲರಿಗೆ ಕೊಡಿ, ಮೂಲ ನಿಮ್ಮ ಬೀರುವಿನಲ್ಲೇ ಇರಲಿ.